ಎಡರೆಕ್ಕೆಯ ಗರಿ, ಬಲರೆಕ್ಕೆಯ ಗರಿ

ಏಳನೇ ನಂಬರಿನ ಬಾಣ ಹೋದ ಬೇಸಿಗೆಯಿಡೀ ನನ್ನ ತಲೆ ತಿಂದಿತ್ತು. ಒಂದು ಡಜನ್ ಬಾಣಗಳಲ್ಲಿ ಹನ್ನೊಂದು ಮೂವತ್ತು ಗಜ ದೂರದ ಗುರಿಗೆ ಹೋಗಿ ಒಂದರ ಪಕ್ಕ ಒಂದು ಕೂರುತ್ತಿದ್ದವು. ಎಲ್ಲವೂ ನಡುವಿನ ಹಳದಿಗೇ ಬೀಳದಿದ್ದರೂ ಗುಂಪು ಬಿಟ್ಟು ಹೋಗುತ್ತಿರಲಿಲ್ಲ. ಏಳನೆಯದು ಮಾತ್ರ ಬಿಲ್ಲು ಬಿಟ್ಟ ಕೂಡಲೇ ಬಾಲ ಅಲ್ಲಾಡಿಸಲು ಶುರು ಮಾಡುತ್ತಿತ್ತು. ದಾರಿಯುದ್ದಕ್ಕೂ ಅಲ್ಲಾಡಿಸುತ್ತಲೇ ಹೋಗಿ ಗುಂಪಿನಿಂದ ಒಂದು ಗೇಣು ಕೆಳಗೆ ಓರೆಯಾಗಿ ಚುಚ್ಚಿಕೊಳ್ಳುತ್ತಿತ್ತು. ಮೊದಲು ನನ್ನ ಬೆರಳಿನದೇ ತಪ್ಪು ಅಂದುಕೊಂಡೆ. ಹೆದೆ ಬಿಡುವಾಗ ಬೆರಳು ಸ್ವಲ್ಪ ತಡವರಿಸಿದರೂ ಬಾಣ ಹಾಗೆ ಮಾಡುತ್ತೆ. ಆಮೇಲೆ ಕಡ್ಡಿ ಸೊಟ್ಟಗಿದೆಯಾ ಅಂತ ಊಟದ ಟೇಬಲ್ ಮೇಲೆ ಉರುಳಿಸಿ ನೋಡಿದೆ. ನೆಟ್ಟಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಬೇರೆಯವುಗಳಷ್ಟೇ ತೂಕ. ಮೊನೆ ಬಿಚ್ಚಿ ಬೇರೆಯದು ಹಾಕಿದೆ. ಹೆದೆ ಕೂರುವ ಕಚ್ಚನ್ನು ಅರದಲ್ಲಿ ಉಜ್ಜಿ ಸರಿ ಮಾಡಿದೆ. ಏನು ಮಾಡಿದರೂ ಅದೇ ಕಥೆ.

ನಾನಿರೋದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್‌ನಲ್ಲಿ. ಕೆಲಸಕ್ಕೆ ಅಂತ ಬಂದವನು. ಭಾನುವಾರ ಬೆಳಿಗ್ಗೆ ಊರಾಚೆಯ ಮೈದಾನದಲ್ಲಿ ಲಾಂಗ್‌ಬೋ ಹಿಡಿಯುವ ಹತ್ತು ಹದಿನೈದು ಜನ ಸೇರುತ್ತಾರೆ, ನಾನೂ ಹೋಗುತ್ತೇನೆ. ಲಾಂಗ್‌ಬೋ ಅಂದರೆ ಆಳೆತ್ತರದ ಮರದ ಬಿಲ್ಲು. ಒಲಿಂಪಿಕ್ಸ್‌ನಲ್ಲಿ ನೋಡುವ ಬಿಲ್ಲಿನ ಹಾಗೆ ಗುರಿ ನೋಡಲು ಸಾಧನ ಇಲ್ಲ, ಬಾಣ ಇಡಲು ಜಾಗವೂ ಇಲ್ಲ. ಬಾಣ ಕೂರೋದು ಬಿಲ್ಲು ಹಿಡಿದ ಕೈಯ ಗೆಣ್ಣಿನ ಮೇಲೆ. ಬಾಣವೂ ಮರದ್ದೇ, ಹಿಂದೆ ನಿಜವಾದ ಹಕ್ಕಿಗರಿ. ಈ ಡಜನ್ ಬಾಣಗಳನ್ನು ಚಳಿಗಾಲದಲ್ಲಿ ನಾನೇ ಕೂತು ಮಾಡಿದ್ದೆ. ಕಡ್ಡಿ ಒಂದು ಕಡೆಯಿಂದ ತರಿಸಿದ್ದೆ, ಬಿಡಿ ಗರಿಗಳ ಪೊಟ್ಟಣ ಇನ್ನೊಂದು ಕಡೆಯಿಂದ. ಹಾಗಾಗಿ ಏಳನೆಯದರ ಮೇಲೆ ಸಿಟ್ಟಿಗಿಂತ ಜಾಸ್ತಿ ಸಂಕಟ. ನಾನೇ ಮಾಡಿದ್ದು ಯಾಕೆ ಹೀಗಾಯಿತು ಅಂತ.

ಕೊನೆಗೆ ಅದನ್ನು ನಮ್ಮ ಗುಂಪಿನ ಹಿರಿಯರೊಬ್ಬರ ಕೈಗೆ ಕೊಟ್ಟೆ. ಎಪ್ಪತ್ತು ದಾಟಿದವರು. ಬಾಣ ಮಾಡುವುದರಲ್ಲೇ ಅರ್ಧ ಆಯುಷ್ಯ ಕಳೆದವರು. ಅವರು ಬಾಣವನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದೇ ಗರಿಯ ಎರಡೂ ಮೈಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸವರಿದರು. ಮೊದಲನೆಯದು, ಎರಡನೆಯದು, ಮೂರನೆಯದು. ಮೂರನೆಯದರ ಮೇಲೆ ಬೆರಳು ನಿಂತಿತು. ಕಣ್ಣು ಬಿಟ್ಟು, "ಎರಡು ಎಡ, ಒಂದು ಬಲ" ಅಂದರು. ಅಷ್ಟೇ. ಬಾಣ ವಾಪಸ್ ಕೊಟ್ಟು ತಮ್ಮ ಬಿಲ್ಲು ಎತ್ತಿಕೊಂಡರು.

ಗರಿಗೂ ಎಡ ಬಲ

ಮನೆಗೆ ಬಂದು ನಾನೂ ಕಣ್ಣು ಮುಚ್ಚಿ ಸವರಿ ನೋಡಿದೆ. ಮೊದಲು ಏನೂ ಗೊತ್ತಾಗಲಿಲ್ಲ. ನಾಲ್ಕೈದು ಸಲ ಸವರಿದ ಮೇಲೆ ಬೆರಳಿಗೆ ತಿಳಿಯಿತು. ಗರಿಯ ಒಂದು ಮೈ ನುಣುಪು, ರೇಷ್ಮೆ ಬಟ್ಟೆಯ ಹೊರಮೈಯ ಹಾಗೆ. ಅದು ಹಕ್ಕಿ ರೆಕ್ಕೆ ಬಿಚ್ಚಿದಾಗ ಆಕಾಶಕ್ಕೆ ಕಾಣುವ ಮೈ. ಇನ್ನೊಂದು ಮೈ ಸ್ವಲ್ಪ ಒರಟು, ಸ್ವಲ್ಪ ಒಳಕ್ಕೆ ಬಾಗಿದ್ದು. ಅದು ನೆಲದ ಕಡೆಗಿರುವ ಮೈ. ನನ್ನ ಬಾಣದ ಎರಡು ಗರಿಗಳಲ್ಲಿ ಒರಟು ಮೈ ಒಂದೇ ಕಡೆಗೆ ತಿರುಗಿತ್ತು. ಮೂರನೆಯದರಲ್ಲಿ ಅದರ ವಿರುದ್ಧ ಕಡೆಗೆ. ಮೂರೂ ಒಂದೇ ಅಳತೆ, ಒಂದೇ ಆಕಾರಕ್ಕೆ ಕತ್ತರಿಸಿದ್ದು. ಕಣ್ಣಿಗೆ ಏನೂ ತಪ್ಪು ಕಾಣದು.

ಬಾಣಕ್ಕೆ ಹಾಕುವುದು ರೆಕ್ಕೆಯ ದೊಡ್ಡ ಗರಿಗಳನ್ನು. ಹಿಂದೆ ಇಲ್ಲಿ ಹೆಬ್ಬಾತಿನದು, ಈಗ ಬಹುಪಾಲು ಟರ್ಕಿ ಕೋಳಿಯದು. ಅಂಥ ಒಂದು ಗರಿ ಎಲ್ಲಾದರೂ ಸಿಕ್ಕರೆ ಗಮನಿಸಿ ನೋಡಿ. ನಡುವಿನ ದಂಟಿನ ಒಂದು ಪಕ್ಕ ಕಿರಿದು, ಗಟ್ಟಿ. ಇನ್ನೊಂದು ಪಕ್ಕ ಅಗಲ. ಕಿರಿದಾದ ಪಕ್ಕ ಗಾಳಿಗೆ ಎದುರಾಗುವುದು. ನುಣುಪು ಮೈ ಮೇಲೆ ಬರುವ ಹಾಗೆ, ಬುಡ ನಿಮ್ಮ ಕಡೆ ಬರುವ ಹಾಗೆ ಹಿಡಿಯಿರಿ. ಕಿರಿದಾದ ಪಕ್ಕ ಬಲಕ್ಕೆ ಬಂದರೆ ಅದು ಎಡರೆಕ್ಕೆಯ ಗರಿ. ಎಡಕ್ಕೆ ಬಂದರೆ ಬಲರೆಕ್ಕೆಯದು. ಬಾಣ ಮಾಡುವವರು ದಂಟನ್ನು ಉದ್ದಕ್ಕೆ ಸೀಳಿ, ಕಿರಿದಾದ ಪಕ್ಕ ತೆಗೆದುಬಿಟ್ಟು, ಅಗಲದ ಪಕ್ಕವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸೀಳಿ, ಉಜ್ಜಿ, ಕತ್ತರಿಸಿ ಪೊಟ್ಟಣಕ್ಕೆ ತುಂಬಿದ ಮೇಲೆ ಎಡಬಲದ ಗುರುತು ಬರೀ ಆ ಬಾಗಿನಲ್ಲಿ, ಆ ಒರಟಿನಲ್ಲಿ ಮಾತ್ರ ಉಳಿಯುತ್ತೆ. ನನಗೆ ಬಂದ ಪೊಟ್ಟಣದಲ್ಲಿ ಎರಡೂ ಸೇರಿಹೋಗಿದ್ದವು. ನಾನು ನೋಡದೆ ಅಂಟಿಸಿದ್ದೆ.

ಎಡಬಲ ಬಿಟ್ಟು ಇನ್ನೊಂದು ದಿಕ್ಕೂ ಇದೆ, ಹಿಂದು ಮುಂದು. ಬೆಕ್ಕಿನ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಸುಮ್ನೆ ಇರುತ್ತೆ, ಬಾಲದಿಂದ ತಲೆಗೆ ಸವರಿದರೆ ಕೂದಲು ಎದ್ದು ನಿಲ್ಲುತ್ತೆ ಅಲ್ವಾ? ಗರಿಯೂ ಹಾಗೆಯೇ. ಅದರ ಎಳೆಗಳು ಓರೆಯಾಗಿ ತುದಿಯ ಕಡೆಗೆ ಮಲಗಿರುತ್ತವೆ. ಬುಡ ಬಾಣದ ಮೊನೆಯ ಕಡೆಗೆ, ತುದಿ ಹೆದೆಯ ಕಡೆಗೆ ಬರುವ ಹಾಗೆ ಅಂಟಿಸಿದರೆ ಗಾಳಿ ಎಳೆಗಳನ್ನು ಸವರಿಕೊಂಡು ಹೋಗುತ್ತೆ. ತಿರುಗಾಮುರುಗಾ ಆದರೆ ಗಾಳಿ ಎಳೆಗಳ ಸಂದಿಗೆ ನುಗ್ಗಿ ಬಿಡಿಸಿ ಹಾಕುತ್ತೆ. ಈ ತಪ್ಪು ಕಣ್ಣಿಗೆ ಕಾಣುವುದರಿಂದ ಯಾರೂ ಅಷ್ಟಾಗಿ ಮಾಡುವುದಿಲ್ಲ.

ತೆಂಗಿನ ಕಡ್ಡಿಯ ಬಾಣ

ಏಳನೇ ಬಾಣವನ್ನು ಕೈಯಲ್ಲಿ ಹಿಡಿದು ಕೂತಾಗ ನನಗೆ ನೆನಪಾಗಿದ್ದು ತಿಪಟೂರಿನ ಹತ್ತಿರದ ನಮ್ಮೂರು. ತಾತನ ಮನೆಯ ಜಗುಲಿ. ಬೇಸಿಗೆ ರಜ. ಊರಿನ ಹುಡುಗರೆಲ್ಲ ರಾಮನೋ ಲಕ್ಷ್ಮಣನೋ ಆಗಿಬಿಟ್ಟಿದ್ದ ವರ್ಷ ಅದು. ಬಿದಿರಿನ ಸೀಳು ಬಗ್ಗಿಸಿ, ಗೋಣಿದಾರ ಬಿಗಿದು ಬಿಲ್ಲು ಮಾಡಿಕೊಂಡಿದ್ದೆ. ಬಾಣಕ್ಕೆ ಪೊರಕೆಯ ಕಡ್ಡಿ. ಎಳೆದು ಬಿಟ್ಟರೆ ಕಡ್ಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಅಡ್ಡಡ್ಡ ತಿರುಗಿ ಅಂಗಳದಲ್ಲಿ ಬೀಳೋದು. ಮತ್ತೆ ಬಿಡು, ಮತ್ತೆ ಅಡ್ಡ. ತಾತ ಜಗುಲಿಯ ಮೇಲೆ ತೆಂಗಿನ ಗರಿ ಹರವಿಕೊಂಡು ಪೊರಕೆಗೆ ಕಡ್ಡಿ ಹೆರೆಯುತ್ತಿದ್ದರು. ಸುಮಾರು ಹೊತ್ತು ನೋಡಿದರು.

"ಲೇ ಮಗಾ, ಬಾಲಂಗೋಚಿ ಇಲ್ದೆ ಗಾಳಿಪಟ ಬಿಡ್ತೀಯೇನೋ?"

"ಇಲ್ಲ ತಾತ."

"ಮತ್ತೆ ಬಾಲ ಇಲ್ಲದ ಬಾಣ ನೆಟ್ಟಗೆ ಹೆಂಗೋ ಹೋಗ್ತೈತೆ?"

ಹೊಸ ಗರಿಯಿಂದ ಒಂದು ಎಲೆ ಕಿತ್ತು, ಕುಡುಗೋಲಿನಿಂದ ಹೆರೆಯಲು ಶುರು ಮಾಡಿದರು. ದಪ್ಪ ಬುಡದಿಂದ ಹೆರೆಯುತ್ತಾ ಬಂದು ತೆಳು ತುದಿಯ ಹತ್ತಿರ ನಿಲ್ಲಿಸಿದರು. ಅಲ್ಲಿ ಕಡ್ಡಿಯ ಎರಡೂ ಪಕ್ಕ ನಾಲ್ಕು ಬೆರಳುದ್ದ ಎಲೆ ಹಾಗೇ ಉಳಿಯಿತು. ತುದಿಯಲ್ಲಿ ದಾರಕ್ಕೆ ಸಿಕ್ಕಿಸಲು ಒಂದು ಬೆರಳಗಲ ಬರಿ ಕಡ್ಡಿ. ದಪ್ಪ ಬುಡ ಮುಂದೆ, ಎಲೆ ಹಿಂದೆ. "ಈಗ ಬಿಡು" ಅಂದರು. ಬಿಟ್ಟೆ. ಅದು ಅಂಗಳ ದಾಟಿ, ಬೇಲಿ ದಾಟಿ, ತೋಟದ ಮೊದಲ ಸಾಲಿನ ಮರದ ಬುಡಕ್ಕೆ ಹೋಗಿ ಬಿತ್ತು. ಅಷ್ಟು ನೆಟ್ಟಗೆ ಹೋಗುವ ವಸ್ತುವನ್ನು ನಾನು ಅದಕ್ಕೆ ಮುಂಚೆ ನನ್ನ ಕೈಯಿಂದ ಬಿಟ್ಟಿರಲೇ ಇಲ್ಲ. ಇವತ್ತಿಗೂ ಆ ಬಾಣ ಹೋದ ದಾರಿ ಕಣ್ಣಿಗೆ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಪಕ್ಕದ ಎಲೆ ಹರಿದುಹೋಯಿತು. ಆಮೇಲೆ ಅದೇ ಬಾಣ ಸೊಟ್ಟಗೆ ಸುತ್ತಿಕೊಂಡು ಹುಲ್ಲಿನ ಬಣವೆ ಕಡೆಗೆ ಹೋಗತೊಡಗಿತು. ತಾತನಿಗೆ ತೋರಿಸಿದೆ. ಅವರು ಉಳಿದ ಪಕ್ಕವನ್ನೂ ಅದೇ ಅಳತೆಗೆ ಹರಿದು ಕೊಟ್ಟರು. ಮತ್ತೆ ನೆಟ್ಟಗಾಯಿತು. ಮೊದಲಿನಷ್ಟು ಅಲ್ಲ, ಆದರೂ ನೆಟ್ಟಗೆ.

ಗರಿ ಅನ್ನುವ ಒಂದೇ ಮಾತಲ್ಲಿ ನಾವು ಹಕ್ಕಿಯದನ್ನೂ ತೆಂಗಿನದನ್ನೂ ಕರೆಯುತ್ತೇವೆ. ಆ ದಿನದ ಮಟ್ಟಿಗಂತೂ ಎರಡೂ ಮಾಡುವ ಕೆಲಸ ಒಂದೇ ಆಗಿತ್ತು.

ತಿರುಗುವುದು ಯಾಕೆ

ಬಾಣ ನೆಟ್ಟಗೆ ಹೋಗಲು ಮೊದಲ ಕಾರಣ ತಾತ ಹೇಳಿದ್ದೇ. ಭಾರ ಮುಂದಿರಬೇಕು, ಗಾಳಿಗೆ ಸಿಗುವ ಅಗಲ ಹಿಂದಿರಬೇಕು. ಬಾಲ ಪಕ್ಕಕ್ಕೆ ಸರಿದರೆ ಗಾಳಿ ಗರಿಯ ಮೈಗೆ ಬಡಿದು ಅದನ್ನು ವಾಪಸ್ ಸಾಲಿಗೆ ತಳ್ಳುತ್ತೆ. ಗರಿ ಒರಟಾಗಿರುವುದರಿಂದ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತೆ, ಬೇಗ ಸರಿ ಮಾಡುತ್ತೆ. ಇದಕ್ಕೆ ಬಾಣ ತಿರುಗಲೇಬೇಕು ಅಂತಿಲ್ಲ. ತೆಂಗಿನೆಲೆಯ ಬಾಣ ತಿರುಗುತ್ತಿರಲಿಲ್ಲ, ಆದರೂ ಹೋಯಿತು.

ಆದರೆ ಹಕ್ಕಿಗರಿ ಬಾಗಿದೆಯಲ್ಲ, ಅದು ಬಾಣವನ್ನು ತಿರುಗಿಸದೆ ಬಿಡುವುದಿಲ್ಲ. ಎಡರೆಕ್ಕೆಯ ಮೂರು ಗರಿ ಹಾಕಿದ ಬಾಣ, ಬಿಟ್ಟವರು ಹಿಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತೆ. ಬಲರೆಕ್ಕೆಯದು ಮುಳ್ಳಿನ ಜೊತೆಗೆ. ತುಂಬಾ ದಿನ ನಾನು ಇದನ್ನು ಬುಗುರಿಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೆ. ಜೋರಾಗಿ ಸುತ್ತಿದರೆ ಬುಗುರಿ ಬೀಳದೆ ನಿಲ್ಲುವ ಹಾಗೆ ಬಾಣವೂ ನಿಲ್ಲುತ್ತೆ ಅಂತ. ಕೋವಿಯ ಗುಂಡಿಗೆ ಅದು ಸರಿ. ಬಾಣ ಅಷ್ಟು ಜೋರಾಗಿ ಸುತ್ತುವುದೇ ಇಲ್ಲ. ಬಿಲ್ಲು ಬಿಟ್ಟಾಗ ಬಹುತೇಕ ಸುತ್ತದೆ ಹೊರಟು, ಹೋಗುತ್ತಾ ಹೋಗುತ್ತಾ ಸುತ್ತು ಹಿಡಿಯುತ್ತೆ. ಆ ಸುತ್ತಿನ ಉಪಯೋಗ ಬೇರೆ. ಮರದ ಬಾಣ ಯಾವುದೂ ಪೂರ್ತಿ ನೆಟ್ಟಗಿರುವುದಿಲ್ಲ. ಕಡ್ಡಿ ಒಂದು ಕೂದಲೆಳೆ ಬಾಗಿರುತ್ತೆ, ಮೊನೆ ಒಂದು ಚೂರು ಓರೆ, ಒಂದು ಗರಿ ಇನ್ನೊಂದಕ್ಕಿಂತ ಸ್ವಲ್ಪ ಎತ್ತರ. ತಿರುಗದಿದ್ದರೆ ಆ ಸಣ್ಣ ಕುಂದು ಬಾಣವನ್ನು ದಾರಿಯುದ್ದಕ್ಕೂ ಒಂದೇ ಕಡೆಗೆ ಎಳೆಯುತ್ತೆ. ತಿರುಗಿದರೆ ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ, ಒಮ್ಮೆ ಬಲಕ್ಕೆ. ಎಳೆತ ಎಲ್ಲ ಕಡೆ ಹಂಚಿಹೋಗಿ ಗುರಿ ಮುಟ್ಟುವಷ್ಟರಲ್ಲಿ ಹೆಚ್ಚುಕಮ್ಮಿ ಸಮ ಆಗಿಬಿಡುತ್ತೆ.

ಗರಿಯನ್ನು ಕಡ್ಡಿಯ ಉದ್ದಕ್ಕೆ ನೇರ ಅಂಟಿಸಬಹುದು, ಸ್ವಲ್ಪ ಓರೆ ಅಂಟಿಸಬಹುದು, ಬಳ್ಳಿ ಮರಕ್ಕೆ ಹಬ್ಬಿದ ಹಾಗೆ ಸುತ್ತಿಸಿಯೂ ಅಂಟಿಸಬಹುದು. ಓರೆ ಜಾಸ್ತಿಯಾದಷ್ಟೂ ಸುತ್ತು ಜಾಸ್ತಿ, ಬಾಣ ಬೇಗ ಸಾಲಿಗೆ ಬರುತ್ತೆ. ಅದರ ಬೆಲೆಯನ್ನು ವೇಗದಲ್ಲಿ ಕೊಡಬೇಕು. ದೂರದ ಗುರಿಗೆ ಅದು ಕೆಳಗೆ ಬೀಳುತ್ತೆ. ಮೇಲೆ ಹಾರುವ ಗುರಿಗೆ ಹೊಡೆಯಲು ದೊಡ್ಡ ಗರಿಯನ್ನು ಕತ್ತರಿಸದೆ ಸುತ್ತಿ ಅಂಟಿಸಿದ ಬಾಣಗಳಿವೆ, ಫ್ಲೂ-ಫ್ಲೂ ಅಂತ ಹೆಸರು. ಅವು ಸ್ವಲ್ಪ ದೂರ ಚುರುಕಾಗಿ ಹೋಗಿ ಆಮೇಲೆ ಗಾಳಿಯಲ್ಲೇ ಸುಸ್ತಾಗಿ ಬೀಳುತ್ತವೆ. ಬಾಣ ಎಲ್ಲೋ ಕಾಡಿನಲ್ಲಿ ಕಳೆದುಹೋಗಬಾರದು ಅಂತಲೇ ಆ ಏರ್ಪಾಡು. ಯಾವ ದಿಕ್ಕಿಗೆ ಓರೆ ಮಾಡಿದರೂ ಗರಿಯ ಹುಟ್ಟುಬಾಗಿನ ಜೊತೆಗೇ ಮಾಡಬೇಕು. ಎಡರೆಕ್ಕೆಯ ಗರಿಯನ್ನು ಬಲದ ಓರೆಗೆ ಬಗ್ಗಿಸಿದರೆ ಅದು ಒಪ್ಪುವುದಿಲ್ಲ.

ಏಳನೆಯದರ ಕಾಟ ಈಗ ನನಗೆ ಅರ್ಥವಾಯಿತು. ಎರಡು ಗರಿ ಎಡಕ್ಕೆ ಸುತ್ತೋಣ ಅನ್ನುತ್ತಿದ್ದವು, ಒಂದು ಬಲಕ್ಕೆ. ಸುತ್ತು ಸರಿಯಾಗಿ ಹಿಡಿಯುತ್ತಿರಲಿಲ್ಲ. ಜೊತೆಗೆ ಮೂರು ಪಕ್ಕದ ಒತ್ತಡ ಸಮ ಇರಲಿಲ್ಲ. ಮೀನಿನ ಬಾಲದ ಹಾಗೆ ಆಡುತ್ತಿದ್ದದ್ದು ಅದಕ್ಕೇ. ಆಟದಲ್ಲೇ ವೇಗ ಕಳೆದುಕೊಂಡು ಗೇಣು ಕೆಳಗೆ ಬೀಳುತ್ತಿತ್ತು.

ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಎಡರೆಕ್ಕೆಯೇ ಒಳ್ಳೆಯದು, ಇಲ್ಲ, ಬಲರೆಕ್ಕೆಯೇ ಒಳ್ಳೆಯದು ಅಂತ ಚಹಾದ ಹೊತ್ತಿಗೆ ನಮ್ಮ ಗುಂಪಿನಲ್ಲಿ ವಾದ ಏಳುತ್ತೆ. ನಾನು ಆರು ಬಾಣ ಎಡದ್ದು, ಆರು ಬಲದ್ದು ಮಾಡಿ ಒಂದು ತಿಂಗಳು ಬಿಟ್ಟು ನೋಡಿದೆ. ಮೂವತ್ತು ಗಜದಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎಡವಾದರೆ ಮೂರೂ ಎಡ, ಬಲವಾದರೆ ಮೂರೂ ಬಲ. ನನ್ನ ಮಟ್ಟಿಗೆ ಆ ವಾದ ಅಲ್ಲಿಗೆ ಮುಗಿಯಿತು. ಜಪಾನಿನ ಬಿಲ್ವಿದ್ಯೆಯಾದ ಕ್ಯೂಡೋದಲ್ಲಂತೂ ಎರಡೂ ಬಗೆಯ ಬಾಣಗಳು ಒಂದೇ ಕೈಗೆ ಬರುತ್ತವೆ. ಅಲ್ಲಿ ಬಾಣಗಳು ಜೋಡಿಯಾಗಿರುತ್ತವೆ. ಮೊದಲು ಬಿಡುವುದು ಹಾಯಾ, ಎರಡನೆಯದು ಒತೊಯಾ. ಒಂದರ ಗರಿ ಒಂದು ಕಡೆ ಬಾಗಿದರೆ ಇನ್ನೊಂದರದು ಅದರ ಎದುರು ಕಡೆ. ಹಾಯಾ ಗಡಿಯಾರದ ಮುಳ್ಳಿನ ಜೊತೆ ಸುತ್ತುತ್ತೆ, ಒತೊಯಾ ಅದಕ್ಕೆ ವಿರುದ್ಧ. ಎರಡನ್ನೂ 28 ಮೀಟರ್ ದೂರದ ಒಂದೇ ಗುರಿಗೆ ಬಿಡುತ್ತಾರೆ. ಹಕ್ಕಿಗೆ ಎರಡು ರೆಕ್ಕೆ ಇದೆ ಅನ್ನೋದನ್ನು ಹೀಗೆ ಒಂದು ಪದ್ಧತಿಯನ್ನಾಗಿ ಮಾಡಿಕೊಂಡಿದ್ದಾರಲ್ಲ, ನನಗೆ ಅದು ತುಂಬಾ ಇಷ್ಟವಾಯಿತು.

ಹುಂಜದ ಗರಿ

ಮೂರು ಗರಿಗಳಲ್ಲಿ ಒಂದರ ಬಣ್ಣ ಬೇರೆ ಇರುತ್ತೆ. ಇಂಗ್ಲಿಷಿನಲ್ಲಿ ಅದನ್ನು ಹುಂಜ ಅಂತಲೇ ಕರೆಯುತ್ತಾರೆ, ಉಳಿದೆರಡು ಹೇಂಟೆಗಳು. ಹೆದೆ ಕೂರುವ ಸೀಳಿಗೆ ಹುಂಜ ನೇರ ಅಡ್ಡವಾಗಿ ನಿಲ್ಲುತ್ತೆ. ಬಾಣ ಹೂಡುವಾಗ ಹುಂಜ ಬಿಲ್ಲಿನಿಂದ ಆಚೆಗೆ ಮುಖ ಮಾಡಬೇಕು. ಆಗ ಎರಡು ಹೇಂಟೆಗಳು ಬಿಲ್ಲಿನ ಮೈಗೆ ಒಂದು ಮೇಲೆ ಒಂದು ಕೆಳಗೆ ಒರಗಿಕೊಂಡು ದಾಟಿ ಹೋಗುತ್ತವೆ. ಹುಂಜವೇ ಒಳಗೆ ಬಂದರೆ ಅದು ನೇರ ಬಿಲ್ಲಿಗೆ ಗುದ್ದುತ್ತೆ.

ಬಾಣ ಬಿಲ್ಲಿನ ಪಕ್ಕದಿಂದ ಹೊರಟು ಎದುರಿಗೆ ಹೋಗುವುದೇ ಒಂದು ಒಗಟು. ಹೆದೆ ಬಾಣವನ್ನು ಬಿಲ್ಲಿನ ನಡುವಿನ ಕಡೆಗೆ ತಳ್ಳುತ್ತೆ, ಆದರೆ ನಡುವೆ ಬಿಲ್ಲಿನ ಕಟ್ಟಿಗೆಯೇ ಅಡ್ಡ ಇದೆ. ಹಾಗಾದರೆ ಬಾಣ ಪಕ್ಕಕ್ಕೆ ಹೋಗಬೇಕಲ್ಲ? ಅಮೆರಿಕದ ರಾಬರ್ಟ್ ಎಲ್ಮರ್ 1913ರಲ್ಲಿ ಇದಕ್ಕೆ 'ಬಿಲ್ಲುಗಾರನ ವಿರೋಧಾಭಾಸ' ಅಂತ ಹೆಸರಿಟ್ಟರು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಅನ್ನುವ ಭೌತವಿಜ್ಞಾನಿ ವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಬಾಣ ಹಾವಿನ ಹಾಗೆ ಬಳುಕಿ ಬಿಲ್ಲನ್ನು ಸುತ್ತಿಕೊಂಡು ದಾಟುತ್ತೆ. ಕಡ್ಡಿಯ ಬಿಗಿ ಬಿಲ್ಲಿಗೆ ಹೊಂದಿದ್ದರೆ ಗರಿಗಳು ಬಿಲ್ಲನ್ನು ಹೆಚ್ಚು ತಾಕುವುದಿಲ್ಲ. ತಾಕಿದರೂ ಗರಿ ಮಡಚಿಕೊಂಡು ಹೋಗುತ್ತೆ, ಆಚೆ ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತೆ. ಪ್ಲಾಸ್ಟಿಕ್ ರೆಕ್ಕೆಗೆ ಆ ಗುಣ ಇಲ್ಲ. ಗೆಣ್ಣಿನ ಮೇಲಿಂದ ಬಾಣ ಬಿಡುವ ನಮ್ಮಂಥವರು ಗರಿಯನ್ನೇ ಹಿಡಿದುಕೊಂಡಿರುವುದು ಇದಕ್ಕೇ. ಮಳೆಗೆ ನೆನೆದು ಮುದುಡಿದರೂ ನಾವು ಅದನ್ನು ಬಿಡುವುದಿಲ್ಲ.

ಗರಿಯ ಮುಂತುದಿಯ ದಂಟು ಮಾತ್ರ ಬ್ಲೇಡಿನಷ್ಟು ಚೂಪು. ನಾನು ಮೊದಲ ಬಾಣಗಳಿಗೆ ಅಲ್ಲಿ ದಾರ ಸುತ್ತಿರಲಿಲ್ಲ. ತೋರುಬೆರಳಿನ ಗೆಣ್ಣು ಸೀಳಿ ಒಂದು ವಾರ ಕಟ್ಟು ಹಾಕಿಕೊಂಡಿದ್ದೆ. ಈಗ ಏಳೆಂಟು ಸುತ್ತು ರೇಷ್ಮೆ ದಾರ ಬಿಗಿದು ಮೇಲೆ ಅಂಟು ಸವರದೆ ಯಾವ ಬಾಣವನ್ನೂ ಮುಟ್ಟುವುದಿಲ್ಲ.

ಗರಿ ಹೋದ ಮೇಲೆ ಉಳಿದದ್ದು

ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಮೇರಿ ರೋಸ್ ಹಡಗಿನ ವಸ್ತುಸಂಗ್ರಹಾಲಯ. ಎಂಟನೇ ಹೆನ್ರಿಯ ಯುದ್ಧನೌಕೆ ಅದು. 1545ರ ಜುಲೈ 19ರಂದು ಇಲ್ಲೇ ಎದುರಿನ ಸಮುದ್ರದಲ್ಲಿ ಮುಳುಗಿತು. 1982ರಲ್ಲಿ ಮೇಲೆತ್ತಿದರು. ಅದರಲ್ಲಿ 137 ಇಡೀ ಬಿಲ್ಲುಗಳು, 3,500ಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಏಳನೆಯದರ ಸಮಸ್ಯೆ ಬಗೆಹರಿದ ಮೇಲಿನ ಶನಿವಾರ ಅಲ್ಲಿಗೆ ಹೋದೆ. ಮುಂಚೆ ಎರಡು ಸಲ ಹೋಗಿದ್ದೆ, ಆಗೆಲ್ಲ ಬಿಲ್ಲು ನೋಡಿದ್ದೆ. ಈ ಸಲ ಬಾಣಗಳ ಬಾಲ ನೋಡಿದೆ. ಗರಿಗಳು ಹೋಗಿಬಿಟ್ಟಿವೆ. ಇದ್ದ ಜಾಗದಲ್ಲಿ ತಾಮ್ರ ಬೆರೆತ ಅಂಟಿನ ಹಸಿರು ಬಣ್ಣ, ಅದರಲ್ಲಿ ದಾರ ಸುತ್ತಿದ ಗುರುತು. ಸುತ್ತಿನಿಂದ ಸುತ್ತಿಗೆ ಅಂತರ ಎಷ್ಟು ಸಮ ಅಂತೀರಿ! ಗರಿಯ ಎಳೆಗಳ ನಡುವೆ ದಾರ ಹಾಯಿಸಿಕೊಂಡು ಅಷ್ಟು ಸಮವಾಗಿ ಸುತ್ತಲು ನನಗೆ ಇನ್ನೂ ಬಂದಿಲ್ಲ.

ಪಕ್ಕದಲ್ಲೇ ದುಂಡನೆಯ ತೊಗಲಿನ ಬಿಲ್ಲೆಗಳಿದ್ದವು. ಒಂದೊಂದರಲ್ಲಿ 24 ತೂತು. ಒಂದು ಕಟ್ಟು ಬಾಣಗಳನ್ನು ತೂತಿಗೊಂದರಂತೆ ಸಿಕ್ಕಿಸಿ ಇಡುತ್ತಿದ್ದರು, ಒಂದರ ಗರಿ ಇನ್ನೊಂದಕ್ಕೆ ಒತ್ತಿ ಮುರುಟಬಾರದು ಅಂತ. ಸಾವಿರಗಟ್ಟಲೆ ಬಾಣ ಬಿಡುವ ಯುದ್ಧದಲ್ಲೂ ಒಂದೊಂದು ಗರಿಯ ಚಿಂತೆ ಯಾರಿಗೋ ಇತ್ತು. ನಾನು ಆ ಬಿಲ್ಲೆಗಳ ಮುಂದೆ ಸುಮಾರು ಹೊತ್ತು ನಿಂತಿದ್ದೆ. 1417ರಲ್ಲಿ ಐದನೇ ಹೆನ್ರಿ, ಪ್ರತಿ ಹೆಬ್ಬಾತಿನ ರೆಕ್ಕೆಯಿಂದ ಆರು ಗರಿ ಕಿತ್ತು ಕಳಿಸಿ ಅಂತ ಕೌಂಟಿಗಳ ಅಧಿಕಾರಿಗಳಿಗೆ ಅಪ್ಪಣೆ ಮಾಡಿದ್ದ. ಎಡದ್ದು ಮೂರು, ಬಲದ್ದು ಮೂರು ಅಂತ ಲೆಕ್ಕ ಹಾಕಿದರೆ ಒಂದು ಹೆಬ್ಬಾತಿಗೆ ಎರಡು ಬಾಣ.

ನಮ್ಮಲ್ಲೂ ಈ ಕಾಳಜಿ ಇದ್ದೇ ಇತ್ತು. ಮಹಾಭಾರತದ ಬಾಣಗಳಿಗೆ ಕಂಕಪತ್ರ ಅನ್ನುವ ಮಾತು ಮತ್ತೆ ಮತ್ತೆ ಬರುತ್ತೆ, ಕಂಕ ಹಕ್ಕಿಯ ಗರಿ ಕಟ್ಟಿದ್ದು ಅಂತ. ಹದ್ದಿನ ಗರಿಯ ಬಾಣಗಳೂ ಬರುತ್ತವೆ. ಚಿಕ್ಕವನಾಗಿದ್ದಾಗ ಅದನ್ನೆಲ್ಲ ಬರೀ ಅಲಂಕಾರದ ಮಾತು ಅಂತ ಕೇಳಿ ಬಿಟ್ಟಿದ್ದೆ. ಈಗ ಓದುವಾಗ ಬೆರಳಿನ ತುದಿಗೆ ಆ ಒರಟು ಮೈ ತಾಕುತ್ತೆ.

ಏಳನೆಯದರ ತಪ್ಪು ಗರಿಯನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದೆ. ಹಳೆ ಅಂಟು ಕೆರೆದು ಎಡರೆಕ್ಕೆಯ ಗರಿ ಕೂರಿಸಿದೆ. ಮರುದಿನ ಮೈದಾನದಲ್ಲಿ ಮೊದಲು ಅದನ್ನೇ ಬಿಟ್ಟೆ. ಬಿಲ್ಲು ದಾಟಿದಾಗ ಒಂದು ಸಲ ಬಳುಕಿತು, ಆಮೇಲೆ ಸದ್ದಡಗಿ ಹೋಯಿತು. ಇಳಿಬಿಸಿಲಿನಲ್ಲಿ ಬಿಳಿ ಹುಂಜಗರಿ ಸುತ್ತುವುದು ಮಿಣಮಿಣ ಅಂತ ಕಾಣುತ್ತಿತ್ತು. ಅದಕ್ಕಿಂತ ಮುಂಚೆ ನಾನು ಆ ಬಾಣದಲ್ಲಿ ಅದನ್ನು ಕಂಡಿರಲಿಲ್ಲ.

ಈಗ ಹೆಬ್ಬಾತುಗಳು ಗರಿ ಉದುರಿಸುವ ಕಾಲ. ಕೆರೆದಂಡೆಗೆ ವಾಕಿಂಗ್ ಹೋದಾಗ ಮಗಳು ಆರಿಸಿಕೊಂಡು ಬರುತ್ತಾಳೆ. ಅಡುಗೆಮನೆಯ ಕಿಟಕಿಯ ಹತ್ತಿರ ಎರಡು ಡಬ್ಬಿ ಇಟ್ಟಿದ್ದಾಳೆ, ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ' ಅಂತ ಕನ್ನಡದಲ್ಲಿ ಬರೆದಿದ್ದಾಳೆ. ಬುಡ ತನ್ನ ಕಡೆ ಹಿಡಿದು, ನುಣುಪು ಮೈ ಮೇಲೆ ಮಾಡಿ, ಒಂದು ಕ್ಷಣ ನೋಡಿ ಹಾಕುತ್ತಾಳೆ. ಎಡದ ಡಬ್ಬಿಯಲ್ಲಿ ಒಂಬತ್ತು ಆಗಿದೆ. ಬಲದ್ದು ಐದು. ಇನ್ನೊಂದು ಸಿಕ್ಕರೆ ಆ ಕಡೆಯಿಂದಲೂ ಎರಡು ಬಾಣ ಆಗುತ್ತೆ.